ಬಿದ್ದ ಮೇಲೆ ಮತ್ತೆ ಡರ್ಟ್ ಬೈಕ್ ಹತ್ತುವುದು: ಯಾವುದು ಮೊದಲು, ಯಾವುದು ಆಮೇಲೆ

ಡರ್ಟ್ (ಮಣ್ಣಿನ) ಟ್ರ್ಯಾಕ್‌ನಲ್ಲಿ ಬಿದ್ದು ಮೂಳೆ ಮುರಿದುಕೊಂಡ ಹವ್ಯಾಸಿ ಸವಾರರು ವಾಪಸ್ ಬರುವ ರೀತಿ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಪಟ್ಟಿ ಬಿಚ್ಚಿಸಿಕೊಂಡ ವಾರವೇ ಬೈಕಿಗೆ ಆಯಿಲ್ ಹಾಕಿಸುತ್ತಾರೆ. ನೋವು ಹೋಗಿದೆ, ಇನ್ನೇನು ಅಂತ ಭಾನುವಾರ ಟ್ರ್ಯಾಕಿಗೆ ಬರುತ್ತಾರೆ. ಮೂರನೇ ಲ್ಯಾಪ್‌ಗೆ ಕೈ ಸೋಲುತ್ತದೆ, ಬ್ರೇಕ್ ತಡವಾಗುತ್ತದೆ, ಅದೇ ಭುಜದ ಮೇಲೆ ಮತ್ತೆ ಬೀಳುತ್ತಾರೆ. ಎರಡನೇ ಸಲ ಆಗುವ ಪೆಟ್ಟು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಕೆಟ್ಟದು.

ಇಲ್ಲಿ ತಪ್ಪುವುದು ಧೈರ್ಯವಲ್ಲ, ಕ್ರಮ. ನೋವು ಕಡಿಮೆಯಾಗುವುದು, ಮೂಳೆ ಕೂಡುವುದು, ಬಲ ಬರುವುದು, ಈ ಮೂರೂ ಬೇರೆ ಬೇರೆ ದಿನ ಆಗುತ್ತವೆ. ಮೊದಲು ಹೋಗುವುದು ನೋವು, ಕೊನೆಗೆ ಬರುವುದು ಬಲ. ನಡುವಿನ ಆ ವಾರಗಳಲ್ಲೇ ನಮ್ಮವರು ಬೀಳುತ್ತಿದ್ದಾರೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಓದಿ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ಮೊದಲು.

ಏನೇನು ಬೇಕು

ಎಲ್ಲ ಎಕ್ಸ್‌ರೇ ಮತ್ತು ಸ್ಕ್ಯಾನ್, ಡಿಸ್ಚಾರ್ಜ್ ಸಮರಿ, ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಒಂದೇ ಕವರ್‌ನಲ್ಲಿ ಇರಲಿ. ಒಂದು ನೋಟ್‌ಬುಕ್. ತೂಕ ನೋಡುವ ಬಾತ್‌ರೂಮ್ ಮಷೀನ್ (ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ). ಅಳತೆ ಟೇಪು, ಬೈಕಿನ ಅಲೆನ್ ಕೀ ಸೆಟ್. ಜೊತೆಗೆ ಒಬ್ಬ ಗೆಳೆಯ ಅಥವಾ ಗೆಳತಿ, "ಸಾಕು, ಇಳಿ" ಅಂದರೆ ನೀವು ಕೇಳುವಂಥವರು.

ಹಂತ 1: ಏನಾಗಿದೆ ಅಂತ ಸರಿಯಾಗಿ ಗೊತ್ತುಮಾಡಿಕೊಳ್ಳಿ

ಕೈ ಊರಿ ಬಿದ್ದಿದ್ದೀರಾ? ಹೆಬ್ಬೆರಳನ್ನು ಮೇಲಕ್ಕೆತ್ತಿ. ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಹುರಿಯಂತೆ ಏಳುವ ಎರಡು ಸ್ನಾಯುರಜ್ಜುಗಳ ನಡುವೆ ಒಂದು ಸಣ್ಣ ಗುಳಿ ಕಾಣಿಸುತ್ತದೆ. ಅಲ್ಲಿ ಒತ್ತಿದರೆ ನೋವಾದರೆ ಸ್ಕೇಫಾಯ್ಡ್ ಅನ್ನುವ ಪುಟ್ಟ ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. "ಎಕ್ಸ್‌ರೇ ನಾರ್ಮಲ್, ಬರೀ ಉಳುಕು" ಅಂತ ಮನೆಗೆ ಬಂದವರು ಆರು ತಿಂಗಳಾದ ಮೇಲೂ ಕ್ಲಚ್ ಹಿಡಿಯಲಾಗದೆ ಒದ್ದಾಡುವುದು ಇದರಿಂದಲೇ. ಈ ಮೂಳೆಗೆ ರಕ್ತ ಹರಿಯುವುದು ಕಡಿಮೆ. ಬಿಟ್ಟರೆ ಕೂಡುವುದೇ ಇಲ್ಲ, ಒಂದು ತುಂಡು ಸತ್ತೂ ಹೋಗಬಹುದು. ಹಾಗಾಗಿ ಗುಳಿಯಲ್ಲಿ ನೋವಿದ್ದರೆ ಪಟ್ಟಿ ಹಾಕಿಸಿಕೊಂಡು 10 ರಿಂದ 14 ದಿನಕ್ಕೆ ಮತ್ತೆ ಎಕ್ಸ್‌ರೇ ಮಾಡಿಸಿ, ಇಲ್ಲವೇ ಎಂಆರ್‌ಐ ಬೇಕಾ ಅಂತ ನೀವೇ ಕೇಳಿ.

ಬೆರಳು ಜೋಮು ಹಿಡಿಯುತ್ತಿದೆಯಾ? ಯಾವ ಬೆರಳು ಅಂತ ಬರೆದಿಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರುವ ಸಾಧ್ಯತೆ ಹೆಚ್ಚು. ಕಿರುಬೆರಳು, ಉಂಗುರಬೆರಳಾದರೆ ಬೇರೆ ನರ, ಅದು ಮೊಣಕೈಯಲ್ಲಿ ಒತ್ತುತ್ತಿರಬಹುದು. ಸುಮ್ನೆ "ಕೈ ಜೋಮು" ಅಂದರೆ ಡಾಕ್ಟರಿಗೆ ಇದು ತಿಳಿಯುವುದಿಲ್ಲ.

ಡಾಕ್ಟರ ಹತ್ತಿರ ಹೋದಾಗ "ಬೈಕಿಂದ ಬಿದ್ದೆ" ಅಂತ ನಿಲ್ಲಿಸಬೇಡಿ. ಆಫೀಸಿಗೆ ಸ್ಕೂಟರ್‌ನಲ್ಲಿ ಹೋಗುವವರಿಗೆ ಕೊಡುವ ಸಲಹೆಯೇ ನಿಮಗೂ ಸಿಗುತ್ತದೆ. ನಿಂತುಕೊಂಡು ಓಡಿಸುತ್ತೇನೆ, ಜಂಪ್ ಮಾಡುತ್ತೇನೆ, ಮತ್ತೆ ಬೀಳುವ ಸಾಧ್ಯತೆ ಇದೆ ಅಂತ ಬಿಡಿಸಿ ಹೇಳಿ. ಫೋನಿನಲ್ಲಿ ಒಂದು ಲ್ಯಾಪಿನ ವಿಡಿಯೋ ತೋರಿಸಿದರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ಬಿದ್ದವರನ್ನು ಪುತ್ತೂರು ಕಟ್ಟಿಗೆ ಕರೆದುಕೊಂಡು ಹೋಗುವ ರೂಢಿ ಇದೆ. ಹಿರಿಯರ ನಂಬಿಕೆಯ ಜೊತೆ ಜಗಳ ಆಡಬೇಕಾಗಿಲ್ಲ, ಆದರೆ ರೇಸ್ ಬೈಕ್ ಹತ್ತಬೇಕಾದ ಕೈಗೆ ಇದು ಬೇಡ. ಮೂಳೆ ಸಾಲಾಗಿ ಕೂತಿದೆಯೋ ಇಲ್ಲವೋ ಅಂತ ಎಕ್ಸ್‌ರೇ ಇಲ್ಲದೆ ಹೇಳಲಾಗದು. ಬಿಗಿ ಕಟ್ಟಿನಡಿ ಊದಿಕೊಂಡರೆ ಬೆರಳಿಗೆ ರಕ್ತವೇ ಹೋಗದಂತೆ ಆಗಬಹುದು.

ಹಂತ 2: ಕಾಯಬಾರದ ಲಕ್ಷಣಗಳು

ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅನ್ನಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ತಲೆಗೆ ಪೆಟ್ಟಾದ ಮೇಲೆ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ತೊದಲು, ಎಬ್ಬಿಸಿದರೂ ಏಳದಂಥ ನಿದ್ದೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಾಣುವುದು, ಫಿಟ್ಸ್.

ಬೆನ್ನಿಗೆ ಪೆಟ್ಟಾದ ಮೇಲೆ ಕಾಲಿನ ಬಲ ಕುಗ್ಗುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು, ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟುವುದು. ನಾಚಿಕೊಂಡು ಮುಚ್ಚಿಡುವ ಲಕ್ಷಣ ಇದು. ತಡವಾದರೆ ಆ ನರಗಳು ವಾಪಸ್ ಬರದೇ ಇರಬಹುದು.

ಮುಂಗೈಗೋ ಕಣಕಾಲಿಗೋ ಪೆಟ್ಟಾಗಿ, ಗಂಟೆ ಕಳೆದಂತೆ ನೋವು ಏರುತ್ತಾ, ಬೆರಳನ್ನು ಬೇರೆಯವರು ಚಾಚಿದರೆ ಕಿರುಚುವಷ್ಟು ನೋವಾದರೆ, ಒಳಗೆ ಒತ್ತಡ ಏರುತ್ತಿದೆ ಅಂತ ಅರ್ಥ. ಇದಕ್ಕೆ ಸಿಗುವ ಸಮಯ ಕೆಲವೇ ಗಂಟೆ.

ಹೊಟ್ಟೆಗೆ ಹ್ಯಾಂಡಲ್‌ಬಾರ್ ತಿವಿದಿದ್ದರೆ ಹೊರಗೆ ಗಾಯ ಕಾಣದಿದ್ದರೂ ತೋರಿಸಿ.

ಹಂತ 3: ಮೂಳೆ ಕೂಡುವವರೆಗೆ ಮಾಡಬಹುದಾದ ಕೆಲಸ

ದೊಡ್ಡವರ ಕಾಲರ್‌ಬೋನ್ ಕೂಡಲು ಸಾಮಾನ್ಯವಾಗಿ 6 ರಿಂದ 12 ವಾರ ಬೇಕು. ಮತ್ತೆ ಬೀಳುವ ಸಾಧ್ಯತೆ ಇರುವ ಆಟಕ್ಕೆ ಮೂರು ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಪ್ಲೇಟ್ ಹಾಕಿದ್ದರೆ ಬೇಗ ಹೋಗಬಹುದು ಅನ್ನುವ ಮಾತು ಟ್ರ್ಯಾಕ್‌ನಲ್ಲಿ ಯಾವಾಗಲೂ ಕೇಳುತ್ತದೆ. ಪ್ಲೇಟ್ ಮೂಳೆಯನ್ನು ಜೋಡಿಸಿ ಹಿಡಿದಿರುತ್ತದೆ, ಅಷ್ಟೇ. ಕೂಡುವ ಕೆಲಸ ಮೂಳೆಯದೇ.

ಇದಕ್ಕೆ ಮೋಟೋಜಿಪಿ ಬೈಕ್ ರೇಸರ್ ಮಾರ್ಕ್ ಮಾರ್ಕೆಝ್ ಅವರ ತೋಳಿಗಿಂತ ದೊಡ್ಡ ಪಾಠ ಬೇಕಿಲ್ಲ. 2020ರ ಜುಲೈ 19ರಂದು ಸ್ಪೇನ್‌ನ ಹೆರೆಝ್ ಟ್ರ್ಯಾಕ್‌ನಲ್ಲಿ ಬಲತೋಳಿನ ಮೂಳೆ ಮುರಿಯಿತು. 21ಕ್ಕೆ ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದರು. 25ಕ್ಕೆ ಮತ್ತೆ ಬೈಕ್ ಮೇಲಿದ್ದರು. ಆಗಲಿಲ್ಲ, ಇಳಿದರು. ಆಗಸ್ಟ್ ಶುರುವಿನಲ್ಲಿ ಮನೆಯಲ್ಲಿ ಬಾಗಿಲು ತೆರೆಯುವಾಗ ಆ ಪ್ಲೇಟೇ ಮುರಿಯಿತು. ಎರಡನೇ ಆಪರೇಷನ್. ಡಿಸೆಂಬರ್‌ನಲ್ಲಿ ಮೂರನೆಯದು, ಮೂಳೆಗೆ ಸೋಂಕು ಬೇರೆ. 2022ರ ಜೂನ್‌ನಲ್ಲಿ ನಾಲ್ಕನೆಯದು. ಮತ್ತೆ ವಿಶ್ವ ಚಾಂಪಿಯನ್ ಆಗಿದ್ದು 2025ರಲ್ಲಿ. ಜಗತ್ತಿನ ಅತ್ಯುತ್ತಮ ಡಾಕ್ಟರುಗಳು ಜೊತೆಗಿದ್ದವರ ಕತೆ ಇದು. ನಮಗೆ ಸೋಮವಾರ ಆಫೀಸಿಗೂ ಹೋಗಬೇಕು.

ಕಾಯುವ ವಾರಗಳಲ್ಲಿ ಸುಮ್ನೆ ಮಲಗಬೇಕಾಗಿಲ್ಲ. ಕೈ ಮುರಿದವರಿಗೆ ಕಾಲು ಇದೆ. ಡಾಕ್ಟರ್ ಒಪ್ಪಿದರೆ ನಡಿಗೆ, ಜಿಮ್ಮಿನ ನಿಂತ ಸೈಕಲ್, ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ನಿಲ್ಲುವುದು. ಡರ್ಟ್ ಬೈಕನ್ನು ಹಿಡಿಯುವುದೇ ಕಾಲು ಮತ್ತು ಸೊಂಟದಿಂದ. ಈ ವಾರಗಳನ್ನು ಅದಕ್ಕೆ ಕೊಟ್ಟವರು ವಾಪಸ್ ಬಂದಾಗ ಮೊದಲಿಗಿಂತ ಚೆನ್ನಾಗಿ ನಿಲ್ಲುವುದನ್ನು ನೋಡಿದ್ದೇನೆ.

ಸಿಗರೇಟ್ ಬಿಡಿ. ನಿಕೋಟಿನ್ ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ. ಊಟದಲ್ಲಿ ಬೇಳೆ, ಮೊಟ್ಟೆ, ಮೊಸರು, ಮೀನು ಯಾವುದು ಒಗ್ಗುತ್ತದೋ ಅದು ಜಾಸ್ತಿ ಇರಲಿ. ವಿಟಮಿನ್ ಡಿ ಪರೀಕ್ಷೆ ಬೇಕಾ ಅಂತ ಒಂದು ಸಲ ಕೇಳಿ.

ತಲೆಗೆ ಪೆಟ್ಟಾಗಿದ್ದರೆ ದಾರಿ ಬೇರೆ. ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಕಡಿಮೆ, ಮೆಲ್ಲನೆ ಓಡಾಟ. ಆಮೇಲೆ ಒಂದೊಂದೇ ಮೆಟ್ಟಿಲು: ನಡಿಗೆ, ಸೈಕಲ್, ಓಟ, ಕೊನೆಗೆ ಬೈಕ್. ಒಂದೊಂದಕ್ಕೂ ಕನಿಷ್ಠ ಒಂದು ದಿನ. ತಲೆನೋವು, ತಲೆಸುತ್ತು, ಬೆಳಕು ತಡೆಯಲಾಗದಿರುವುದು ಹೆಚ್ಚಾದರೆ ಒಂದು ಮೆಟ್ಟಿಲು ಕೆಳಗೆ. ಎಲ್ಲ ಲಕ್ಷಣ ಹೋಗಿ, ಡಾಕ್ಟರ್ ಬರೆದುಕೊಟ್ಟ ಮೇಲೇ ಬೈಕ್. ಮೂರು ವಾರಕ್ಕಿಂತ ಮೊದಲಂತೂ ಬೇಡ ಅನ್ನುವುದು ನನ್ನ ಪಟ್ಟು. ಮೊದಲ ಪೆಟ್ಟು ಮಾಯುವ ಮುಂಚೆ ಬೀಳುವ ಎರಡನೇ ಪೆಟ್ಟು ಜೀವಕ್ಕೇ ಕುತ್ತು ತರಬಹುದು. ಬಿದ್ದಾಗ ಹಾಕಿದ್ದ ಹೆಲ್ಮೆಟ್ ಎಷ್ಟೇ ದುಬಾರಿ ಇರಲಿ, ಅದರ ಕೆಲಸ ಮುಗಿಯಿತು. ಒಳಗಿನ ಥರ್ಮಾಕೋಲ್ ಒಮ್ಮೆ ಅದುಮಿದರೆ ವಾಪಸ್ ಉಬ್ಬುವುದಿಲ್ಲ.

ಹಂತ 4: ಬೈಕ್ ಮುಟ್ಟುವ ಮುಂಚೆ ಮನೆಯಲ್ಲಿ ಪರೀಕ್ಷೆ

ಮೂಳೆ ಕೂಡಿದೆ ಅಂತ ಎಕ್ಸ್‌ರೇ ನೋಡಿ ಡಾಕ್ಟರ್ ಹೇಳಿದ ಮೇಲೆ ಇದನ್ನು ಶುರು ಮಾಡಿ. ಹೆಚ್ಚಿನವರು ಹಾರಿಸುವ ಹಂತ ಇದೇ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಮೊದಲನೆಯದು ಚಲನೆ. ಕನ್ನಡಿ ಮುಂದೆ ಎರಡೂ ಕೈ ಮೇಲೆತ್ತಿ. ಎರಡೂ ಒಂದೇ ಎತ್ತರಕ್ಕೆ ಹೋಗಬೇಕು. ಭುಜ ಕಿವಿಯ ಕಡೆ ಎದ್ದುಬಂದರೆ ಅದು ಕಳ್ಳಾಟ, ಲೆಕ್ಕಕ್ಕಿಲ್ಲ.

ಎರಡನೆಯದು ಒತ್ತುವ ಬಲ. ತೂಕದ ಮಷೀನನ್ನು ಅಲುಗಾಡದ ಮೇಜಿನ ಮೇಲಿಡಿ. ಎದುರು ನಿಂತು ಒಂದು ಅಂಗೈ ಅದರ ಮೇಲಿಟ್ಟು ನಿಧಾನಕ್ಕೆ ಒತ್ತಿ, ಮುಳ್ಳು ಎಲ್ಲಿಗೆ ಬಂತು ಅಂತ ಗೆಳೆಯ ಬರೆದುಕೊಳ್ಳಲಿ. ಮೂರು ಸಲ ಒತ್ತಿ, ಸರಾಸರಿ ತೆಗೆಯಿರಿ. ಆಮೇಲೆ ಇನ್ನೊಂದು ಕೈ. ಒಳ್ಳೆಯ ಕೈ 30 ಕೆಜಿ ತೋರಿಸಿದರೆ ಪೆಟ್ಟಾದ ಕೈ 27 ಆದರೂ ತೋರಿಸಬೇಕು, ಅಂದರೆ ಶೇ 90. ಮೊದಲ ಸಲ ಈ ಪರೀಕ್ಷೆ ಮಾಡಿದವರು ದಂಗಾಗುತ್ತಾರೆ. "ಪೂರ್ತಿ ಸರಿಹೋಗಿದೆ" ಅಂದುಕೊಂಡ ಕೈ ಅರ್ಧದಷ್ಟೂ ಒತ್ತಿರುವುದಿಲ್ಲ.

ಮೂರನೆಯದು ಹಿಡಿತ. ಫಿಸಿಯೋಥೆರಪಿಸ್ಟ್ ಹತ್ತಿರ ಹಿಡಿತ ಅಳೆಯುವ ಮೀಟರ್ ಇರುತ್ತದೆ. ಅಲ್ಲೂ ಅದೇ ಶೇ 90. ಮನೆಯಲ್ಲಾದರೆ ನೆನೆದ ದಪ್ಪ ಟವೆಲ್ ಹಿಂಡಿ. ಎರಡೂ ದಿಕ್ಕಿಗೆ ಹಿಂಡಲು ಬರಬೇಕು.

ನಾಲ್ಕನೆಯದು ಹೊರೆ. ನೆಲದ ಮೇಲೆ ಅಂಗೈ ಊರಿ ಪ್ಲಾಂಕ್. ಒಂದು ನಿಮಿಷ ಅಲುಗದೆ ನಿಲ್ಲಬೇಕು. ಆಮೇಲೆ ಹತ್ತು ಪುಷ್‌ಅಪ್. ಮಾರನೇ ಬೆಳಗ್ಗೆ ನೋವು ಜಾಸ್ತಿ ಆಗಿರಬಾರದು.

ಸೊಂಟದ ತೊಂದರೆ ಇರುವವರಿಗೆ ಇನ್ನೊಂದು. ಬೈಕ್ ಮೇಲೆ ನಿಲ್ಲುವ ಹಾಗೆ ಮೊಣಕಾಲು ಬಗ್ಗಿಸಿ, ಸೊಂಟದಿಂದ ಮುಂದಕ್ಕೆ ಬಾಗಿ, ಬೆನ್ನು ನೇರ ಇಟ್ಟು ಮೂರು ನಿಮಿಷ ನಿಲ್ಲಿ. ನೋವು ಕಾಲಿಗೆ ಇಳಿದರೆ ನೀವಿನ್ನೂ ತಯಾರಿಲ್ಲ.

ಯಾವುದೇ ಒಂದರಲ್ಲಿ ಫೇಲ್ ಆದರೂ ಎರಡು ವಾರ ವ್ಯಾಯಾಮ ಮಾಡಿ ಮತ್ತೆ ಪರೀಕ್ಷೆ. ನೋಟ್‌ಬುಕ್‌ನಲ್ಲಿ ಅಂಕಿ ಏರುವುದು ಕಂಡರೆ ಕಾಯುವುದೂ ಸುಲಭವಾಗುತ್ತದೆ.

ಹಂತ 5: ಬೈಕನ್ನು ನಿಮ್ಮ ಈಗಿನ ದೇಹಕ್ಕೆ ಹೊಂದಿಸಿ

ಮೊದಲಿನ ಸೆಟ್ಟಿಂಗ್ ಮೊದಲಿನ ದೇಹದ್ದು. ವಾಪಸ್ ಬಂದವರನ್ನು ಜಾಸ್ತಿ ಕಾಡುವುದು ಆರ್ಮ್ ಪಂಪ್. ಮುಂಗೈ ಕಲ್ಲಿನಂತಾಗಿ, ಬೆರಳು ಮಾತು ಕೇಳದೆ, ಬ್ರೇಕ್ ಎಷ್ಟು ಹಿಡಿದಿದ್ದೇವೆ ಅಂತಲೇ ಗೊತ್ತಾಗದ ಸ್ಥಿತಿ. ಕೆಲಸ ಮಾಡುವ ಸ್ನಾಯುವಿಗೆ ರಕ್ತ ನುಗ್ಗಿ ಅದು ಉಬ್ಬುತ್ತದೆ. ಸುತ್ತಲಿನ ಗಟ್ಟಿ ಪೊರೆ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರುತ್ತದೆ. 2021ರಲ್ಲಿ ಹೆರೆಝ್‌ನಲ್ಲಿ ಮುಂದಿದ್ದ ಮೋಟೋಜಿಪಿ ಸವಾರ ಫಾಬಿಯೋ ಕ್ವಾರ್ತರಾರೊ ಇದೇ ಕಾರಣಕ್ಕೆ 13ನೇ ಸ್ಥಾನಕ್ಕೆ ಇಳಿದರು, ಆಮೇಲೆ ಆಪರೇಷನ್ ಮಾಡಿಸಿಕೊಂಡರು. ನಮ್ಮಂಥವರು ಆಪರೇಷನ್ ಯೋಚಿಸುವ ಮುಂಚೆ ಹಿಡಿತ ಮತ್ತು ಸೆಟ್ಟಿಂಗ್ ಸರಿಮಾಡಿ ನೋಡಬೇಕು.

ಬೈಕನ್ನು ಸ್ಟ್ಯಾಂಡ್ ಮೇಲಿಟ್ಟು ಪೆಗ್ (ಕಾಲಿಡುವ ಕಡ್ಡಿ) ಮೇಲೆ ನಿಲ್ಲಿ. ಕಣ್ಣು ಮುಚ್ಚಿ ಸಹಜವಾಗಿ ಹ್ಯಾಂಡಲ್ ಹಿಡಿದು ಬೆರಳು ಚಾಚಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು, ಕ್ಲಚ್ ಮತ್ತು ಬ್ರೇಕ್ ಲಿವರ್ ಆ ಗೆರೆಯಲ್ಲೇ ಸಿಗಬೇಕು. ಮಣಿಕಟ್ಟು ಮೇಲಕ್ಕೆ ಮುರಿದಂತಿದ್ದರೆ ಲಿವರ್ ತಪ್ಪು ಜಾಗದಲ್ಲಿದೆ. ಲಿವರನ್ನು ಹತ್ತಿರಕ್ಕೆ ತನ್ನಿ, ಒಂದೇ ಬೆರಳಿಗೆ ಸಿಗುವಷ್ಟು. ಕ್ಲಚ್ ಕೇಬಲ್‌ಗೆ ಎಣ್ಣೆ ಬಿಡಿ, ಗಟ್ಟಿಯಾದ ಹಳೇ ಕೇಬಲ್ ಬದಲಿಸಿ. ಕೈ ಚಿಕ್ಕದಾದರೆ ತೆಳು ಗ್ರಿಪ್. ಲಿವರ್ ಕ್ಲಾಂಪನ್ನು ಬಿದ್ದಾಗ ತಿರುಗುವಷ್ಟೇ ಬಿಗಿ ಮಾಡಿ, ಲಿವರ್ ಮುರಿಯುವುದು ತಪ್ಪುತ್ತದೆ.

ಸೊಂಟ ನೋವಿನವರು ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಸಸ್ಪೆನ್ಶನ್ ಎಷ್ಟು ಕುಸಿಯುತ್ತದೆ ಅನ್ನುವುದನ್ನು ಅಳೆಯಿರಿ. ಹಿಂದಿನ ಆಕ್ಸಲ್‌ನಿಂದ ಮಡ್‌ಗಾರ್ಡ್‌ನ ಒಂದು ಗುರುತಿಗೆ ಟೇಪು ಹಿಡಿಯಿರಿ. ಒಮ್ಮೆ ಚಕ್ರ ನೆಲ ಬಿಟ್ಟಿರುವಾಗ, ಒಮ್ಮೆ ನೀವು ಗೇರ್ ಹಾಕಿಕೊಂಡು ಮೇಲಿರುವಾಗ. ವ್ಯತ್ಯಾಸ ಸಸ್ಪೆನ್ಶನ್ ಓಡಾಟದ ಸುಮಾರು ಮೂರನೇ ಒಂದು ಪಾಲು ಬರಬೇಕು. ದೊಡ್ಡ ಮೋಟೋಕ್ರಾಸ್ ಬೈಕ್‌ಗಳಲ್ಲಿ ಅದು ಸುಮಾರು 100 ಮಿಲಿಮೀಟರ್. ಮಲಗಿದ್ದ ತಿಂಗಳುಗಳಲ್ಲಿ ನಿಮ್ಮ ತೂಕ ಏರಿದ್ದರೆ ಈ ಲೆಕ್ಕವೂ ತಪ್ಪಿರುತ್ತದೆ.

ಹಂತ 6: ಮೆಟ್ಟಿಲು ಹತ್ತಿದ ಹಾಗೆ ಟ್ರ್ಯಾಕಿಗೆ

ಮೊದಲು ಖಾಲಿ ಮೈದಾನ, ಒಂದನೇ ಮತ್ತು ಎರಡನೇ ಗೇರ್. ಎಂಟರ ಆಕಾರದಲ್ಲಿ ಸುತ್ತಿ, ಗಟ್ಟಿ ಬ್ರೇಕ್ ಹಿಡಿದು ನೋಡಿ. ಹತ್ತು ನಿಮಿಷ ಸಾಕು.

ಆಮೇಲೆ ಸಮತಟ್ಟಾದ ಓವಲ್. ಅದಾದ ಮೇಲೆ ಜಂಪ್ ಬಿಟ್ಟು ಪೂರ್ತಿ ಟ್ರ್ಯಾಕ್, ಅರ್ಧ ವೇಗದಲ್ಲಿ. ಅದಾದ ಮೇಲೆ ಚಿಕ್ಕ ಟೇಬಲ್‌ಟಾಪ್ (ಮೇಲೆ ಚಪ್ಪಟೆ ಇರುವ ಜಂಪ್). ಗ್ಯಾಪ್ ಇರುವ ಜಂಪ್, ಬೇರೆಯವರ ಜೊತೆ ಸ್ಟಾರ್ಟ್, ಇವು ಎಲ್ಲಕ್ಕಿಂತ ಕೊನೆಗೆ.

ಮೇಲಿನ ಮೆಟ್ಟಿಲಿಗೆ ಹೋಗಬೇಕಾ ಅನ್ನುವುದನ್ನು ಆ ದಿನ ತೀರ್ಮಾನಿಸಬೇಡಿ. ಬೈಕ್ ಇಳಿದ ಖುಷಿಯಲ್ಲಿ ಎಲ್ಲವೂ ಸರಿಯಿದೆ ಅನ್ನಿಸುತ್ತದೆ. ಮಾರನೇ ಬೆಳಗ್ಗೆ ಹಲ್ಲುಜ್ಜುವಾಗ, ಶರ್ಟ್ ಹಾಕುವಾಗ ಕೈ ಏನು ಹೇಳುತ್ತದೆ ಅಂತ ಬರೆಯಿರಿ. ಹಿಂದಿನ ದಿನಕ್ಕಿಂತ ನೋವು, ಊತ, ಜೋಮು ಜಾಸ್ತಿ ಇಲ್ಲದಿದ್ದರೆ ಮಾತ್ರ ಮುಂದಕ್ಕೆ.

ಕೊನೇ ಒಂದು ಲ್ಯಾಪ್ ಅನ್ನುವುದೇ ಬೇಡ. ಮುಂಗೈ ಗಟ್ಟಿಯಾದರೆ, ಮೊಣಕಾಲು ಟ್ಯಾಂಕ್ ಬಿಟ್ಟರೆ, ಎರಡು ಸಲ ಗೆರೆ ತಪ್ಪಿದರೆ, ಅಲ್ಲಿಗೆ ಅವತ್ತಿನದು ಮುಗಿಯಿತು. ಬೇಸಿಗೆಯಲ್ಲಿ ಗೇರ್ ಒಳಗೆ ಬೆವರು ಸುರಿಯುತ್ತದೆ. ಬರೀ ನೀರಿಗಿಂತ ಓಆರ್‌ಎಸ್ ಒಳ್ಳೆಯದು. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು.

ಕಾಲರ್‌ಬೋನ್‌ನಲ್ಲಿ ಪ್ಲೇಟ್ ಉಳಿಸಿಕೊಂಡು ಓಡಿಸುವವರು ಸರ್ಜನ್ ಹತ್ತಿರ ಎರಡು ಪ್ರಶ್ನೆ ಕೇಳಲೇಬೇಕು. ಮತ್ತೆ ಬಿದ್ದು ಪ್ಲೇಟ್ ಬಾಗಿದರೆ ಏನು? ತೆಗೆಸಿದರೆ ಸ್ಕ್ರೂ ತೂತು ತುಂಬುವವರೆಗೆ ಎಷ್ಟು ದಿನ ಬೈಕ್‌ನಿಂದ ದೂರ ಇರಬೇಕು? ತೆಗೆಸಿದ ಹೊಸದರಲ್ಲಿ ಆ ಮೂಳೆ ಸುಲಭಕ್ಕೆ ಮುರಿಯುತ್ತದೆ.

ಹಂತ 7: ಮಾತ್ರೆ, ಫಾರಂ, ಇನ್ಶೂರೆನ್ಸ್

ಪೇನ್ ಕಿಲ್ಲರ್ ನುಂಗಿ ಟ್ರ್ಯಾಕಿಗೆ ಇಳಿಯಬೇಡಿ. ನಿಲ್ಲಿಸು ಅಂತ ಹೇಳುವ ದನಿಯನ್ನೇ ಅದು ಮುಚ್ಚುತ್ತದೆ. ನರದ ನೋವಿಗೆ ಕೊಡುವ ಪ್ರಿಗಾಬಲಿನ್, ಗಾಬಾಪೆಂಟಿನ್ ಮಂಪರು ತರುತ್ತವೆ. ಶೀತಕ್ಕೆ ನುಂಗುವ ಸೆಟಿರಿಝಿನ್ ಕೂಡ ಕೆಲವರಿಗೆ ಹಾಗೇ.

ಲೈಸೆನ್ಸ್ ಪಡೆದು ಸ್ಪರ್ಧೆಗೆ ಇಳಿಯುವವರು ಉದ್ದೀಪನ ಮದ್ದಿನ ನಿಯಮವನ್ನೂ ನೋಡಬೇಕು. ನೋವಿನ ಮಾತ್ರೆ ಟ್ರಮಡಾಲ್ 2024ರ ಜನವರಿ 1ರಿಂದ ಸ್ಪರ್ಧೆಯ ವೇಳೆ ನಿಷಿದ್ಧ. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಿಯಾಝೈಡ್ ಸೇರಿದ್ದರೆ ಅದು ಎಲ್ಲ ಸಮಯದಲ್ಲೂ ನಿಷಿದ್ಧ. ನಮ್ಮಲ್ಲಿ ಎಷ್ಟೋ ಜನ ತಿಳಿಯದೆಯೇ ದಿನಾ ನುಂಗುವ ಮಾತ್ರೆ ಇದು, ಹೆಸರಿನ ಕೊನೆಯಲ್ಲಿ 'ಎಚ್' ಇದ್ದರೆ ಸ್ಟ್ರಿಪ್ ತಿರುಗಿಸಿ ಓದಿ. ಬಿಪಿಗೇ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥವು ಕಾರ್ ರೇಸಿಂಗ್‌ನಲ್ಲಿ ಸ್ಪರ್ಧೆಯ ವೇಳೆ ನಿಷಿದ್ಧ. ಇನ್ಸುಲಿನ್‌ಗೂ ಮುಂಚೆ ಅನುಮತಿ ಬೇಕು. ಹಾಗಂತ ಮಾತ್ರೆ ನಿಲ್ಲಿಸಬೇಡಿ. ಬದಲಿ ಇದೆಯಾ ಅಂತ ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ನಾಡಾಗೆ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಿ.

ಎಫ್‌ಎಂಎಸ್‌ಸಿಐ (ಭಾರತದ ಮೋಟರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ) ಲೈಸೆನ್ಸ್‌ನ ವೈದ್ಯಕೀಯ ಫಾರಂನಲ್ಲಿ ಹಳೇ ಪೆಟ್ಟು ಮುಚ್ಚಿಡಬೇಡಿ. ಪ್ರಜ್ಞೆ ತಪ್ಪಿ ಬಿದ್ದಾಗ ಟ್ರ್ಯಾಕ್ ಡಾಕ್ಟರಿಗೆ ನಿಮ್ಮ ಬಗ್ಗೆ ಗೊತ್ತಿರುವುದು ಆ ಕಾಗದ ಮಾತ್ರ. ಹೆಲ್ತ್ ಪಾಲಿಸಿಯಲ್ಲಿ ಅಪಾಯಕಾರಿ ಕ್ರೀಡೆಗಳ ಹೊರಗಿಡುವಿಕೆ ಓದಿ. ವಿಮಾ ನಿಯಂತ್ರಕ ಐಆರ್‌ಡಿಎಐ ಪ್ರಮಾಣಿತ ಪಟ್ಟಿಯಲ್ಲಿ ಅದು 9ನೇ ಸಂಖ್ಯೆ, ವೃತ್ತಿಪರರಾಗಿ ಮೋಟರ್ ರೇಸಿಂಗ್ ಮಾಡುವವರ ಬಗ್ಗೆ ಇರುವಂಥದ್ದು. ಹವ್ಯಾಸಿಗೆ ಏನು ಅನ್ವಯ ಅಂತ ಕಂಪನಿಯಿಂದ ಬರಹದಲ್ಲೇ ಪಡೆಯಿರಿ.

ಹಂತ 8: ವಾಸಿಯಾಗದ ಕಾಯಿಲೆ ಇದ್ದರೆ

ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತಗೊಳ್ಳುವವರು ಪ್ರತಿ ಸೆಷನ್ ಮುಂಚೆ ಬೆರಳು ಚುಚ್ಚಿ ಶುಗರ್ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ತಿಂದು ಕಾಯಿರಿ, 70ಕ್ಕಿಂತ ಕೆಳಗಿಳಿದರೆ ಗ್ಲೂಕೋಸ್ ತಗೊಂಡು ಅವತ್ತು ಬೈಕ್ ಹತ್ತಬೇಡಿ. ನಡುಗು, ಬೆವರು, ಗಾಬರಿ, ಇವೇ ಸ್ಟಾರ್ಟ್ ಲೈನ್‌ನ ಉದ್ವೇಗದ ಲಕ್ಷಣಗಳೂ ಹೌದು. ಮೀಟರ್ ಇಲ್ಲದೆ ವ್ಯತ್ಯಾಸ ತಿಳಿಯುವುದಿಲ್ಲ.

ಫಿಟ್ಸ್ ಅಥವಾ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವ ತೊಂದರೆ ಇರುವವರು ಹ್ಯಾಂಡಲ್ ಬಿಡಲೇಬೇಕು. ಡ್ರೈವಿಂಗ್ ಲೈಸೆನ್ಸ್‌ನ ಫಾರಂ 1ರಲ್ಲೇ ಈ ಪ್ರಶ್ನೆ ಇದೆ. ಎದುರಿನ ತಿರುವಿನಲ್ಲಿ ಬಾವುಟ ಹಿಡಿದು ನಿಂತಿರುವ ಮಾರ್ಷಲ್‌ನ ಜೀವವೂ ಇದರಲ್ಲಿದೆ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೂ ಬೀಳುವ ಆಟ ಬೇಡ.

ಹಂತ 9: "ಇನ್ನು ಬೇಡ" ಅಂತ ಡಾಕ್ಟರ್ ಅಂದಾಗ

ಆ ಮಾತು ಕೇಳಿ ಎದ್ದು ಬರಬೇಡಿ. ಯಾವುದು ಬೇಡ ಅಂತ ಕೇಳಿ. ಬೀಳುವುದಾ, ಜಂಪಾ, ಕುಲುಕಾಟವಾ, ಹಿಡಿತದ ಶ್ರಮವಾ? ಬೀಳುವುದು ಬೇಡ ಅಂದರೆ ನಾಲ್ಕು ಚಕ್ರ ಉಳಿಯುತ್ತದೆ. ಕುಲುಕಾಟ ಬೇಡ ಅಂದರೆ ನಯವಾದ ಟಾರ್ ಟ್ರ್ಯಾಕ್ ಉಳಿಯಬಹುದು, ಕಾರ್ಟಿಂಗ್ ಉಳಿಯುವುದಿಲ್ಲ. ಕಾರ್ಟ್‌ಗೆ ಸಸ್ಪೆನ್ಶನ್ ಇಲ್ಲ, ಪಕ್ಕೆಲುಬು ಸೊಂಟ ಎರಡಕ್ಕೂ ನೇರ ಹೊಡೆತ.

ಇದು ದುಃಖದ ದಿನವೇ. ಭಾನುವಾರ ಬೆಳಗ್ಗೆ ಗೆಳೆಯರೆಲ್ಲ ಟ್ರ್ಯಾಕಿಗೆ ಹೋಗಿರುವಾಗ ಮನೆಯಲ್ಲಿ ಕೂರುವುದು ಸಣ್ಣ ನೋವಲ್ಲ. ವಾರಗಟ್ಟಲೆ ನಿದ್ದೆ ಬರದೆ, ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಬೈಕನ್ನು ಆ ತಿಂಗಳೇ ಮಾರಬೇಡಿ.

ಚಿಕ್ಕಮಗಳೂರು, ಕೊಡಗು ಕಡೆಯ ರ‍್ಯಾಲಿಗಳಲ್ಲಿ ಮಾರ್ಷಲ್, ಟೈಮ್ ಕಂಟ್ರೋಲ್ ಕೆಲಸಕ್ಕೆ ಅನುಭವಿಗಳು ಯಾವಾಗಲೂ ಬೇಕು. ಸವಾರನ ಕಣ್ಣಿರುವ ಮಾರ್ಷಲ್ ಅಪಘಾತವನ್ನು ಬೇರೆಯವರಿಗಿಂತ ಮೊದಲು ಗ್ರಹಿಸುತ್ತಾರೆ. ಟಿಎಸ್‌ಡಿ (ಸಮಯ, ವೇಗ, ದೂರ ಲೆಕ್ಕಹಾಕಿ ಓಡಿಸುವ) ರ‍್ಯಾಲಿಯಲ್ಲಿ ಡ್ರೈವರ್‌ಗೆ ದಾರಿ ಹೇಳುವ ನ್ಯಾವಿಗೇಟರ್ ಸೀಟು ಇನ್ನೊಂದು ದಾರಿ. ಅಲ್ಲಿ ಗೆಲ್ಲುವುದು ಸೆಕೆಂಡಿನ ಲೆಕ್ಕ, ಪೂರ್ತಿ ನಿಮ್ಮ ಕೈಯಲ್ಲಿ. ಸೊಂಟ ನೋವಿನವರು ಮಾತ್ರ ಅರ್ಧ ದಿನದ ಈವೆಂಟ್‌ನಿಂದ ಶುರು ಮಾಡಿ. ಕಾರಿನಲ್ಲಿ ಓದಿದರೆ ಹೊಟ್ಟೆ ತೊಳೆಸುವವರು ಮೊದಲು ಮನೆ ಹತ್ತಿರದ ರಸ್ತೆಯಲ್ಲಿ ರೋಡ್‌ಬುಕ್ಕನ್ನು (ದಾರಿಯ ವಿವರ ಬರೆದ ಪುಸ್ತಕ) ತೊಡೆಯ ಮೇಲಿಡದೆ ಎದೆಯ ಎತ್ತರಕ್ಕೆ ಹಿಡಿದು, ಒಂದು ಸಾಲು ಓದಿ ದೂರಕ್ಕೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ವಾಂತಿ ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ಲೆಕ್ಕ ತಪ್ಪುತ್ತದೆ.